ಬಿಚ್ಚಿ ನೋಡಬಹುದಾದ ಯಂತ್ರ: ಕರಾವಳಿಯ ಮನೆಯಲ್ಲಿ ಸ್ಟೀಮ್‌ಪಂಕ್

(ಕಾರವಾರದಲ್ಲಿ ವಿದ್ಯಾರ್ಥಿಗಳು, ಕುಶಲಕರ್ಮಿಗಳು ಮತ್ತು ಆಸಕ್ತರ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ತಲೆಗೆ ಎತ್ತರದ ಟೋಪಿ, ಹಣೆಯ ಮೇಲೆ ದಪ್ಪ ಗಾಜಿನ ಕನ್ನಡಕ, ಮೈಗೆ ಚರ್ಮದ ಕೋಟು, ಕೋಟಿಗೆ ಸಿಕ್ಕಿಸಿದ ಹಿತ್ತಾಳೆಯ ಹಲ್ಲುಚಕ್ರಗಳು. ವಿಷಯ ಸ್ಟೀಮ್‌ಪಂಕ್ ಎಂದು ತಿಳಿದು ಬಂದವರಲ್ಲಿ ಕೆಲವರಾದರೂ ನನ್ನನ್ನು ಈ ವೇಷದಲ್ಲಿ ನಿರೀಕ್ಷಿಸಿರಬಹುದು. ಕಾರವಾರದ ಸೆಕೆಯಲ್ಲಿ ಅದನ್ನು ತೊಟ್ಟು ಮಾತಿಗೆ ನಿಂತರೆ ಉಗಿಗೆ ಬೇರೆ ಬಾಯ್ಲರ್ ಬೇಕಾಗುವುದಿಲ್ಲ. ಚರ್ಮಕ್ಕೂ ನಮ್ಮ ಮಳೆಗಾಲಕ್ಕೂ ಆಗಿಬರುವುದಿಲ್ಲ. ಜುಲೈನಲ್ಲಿ ಕಪಾಟಿಗೆ ಸೇರಿದ ಬೆಲ್ಟು ಆಗಸ್ಟಿನ ಹೊತ್ತಿಗೆ ಬೂಷ್ಟು ಹಿಡಿದು ಬೆಳ್ಳಗಾಗಿರುತ್ತದೆ. ಆ ಉಡುಪಿನಲ್ಲಿ ನನಗೆ ಮೆಚ್ಚುಗೆಯಾದದ್ದು ಜೇಬುಗಳು ಮಾತ್ರ. ಕೆಲಸಗಾರರ ಬಟ್ಟೆಯಿಂದ ಬಂದ ಶೈಲಿ ಅದು, ಹೆಂಗಸರ ಉಡುಪಿನಲ್ಲಿಯೂ ಕೈ ಹಿಡಿಸುವಷ್ಟು ದೊಡ್ಡ ಜೇಬಿರುತ್ತದೆ. ನಮ್ಮ ದರ್ಜಿಗಳು ಅಷ್ಟನ್ನು ಕಲಿತರೂ ದೊಡ್ಡ ಉಪಕಾರ. ಬಟ್ಟೆಯ ಮಾತು ಇಲ್ಲಿಗೆ ಸಾಕು.

ಹೆಸರು ಹೊಸತು. 1987ರಲ್ಲಿ ಅಮೆರಿಕದ ಲೇಖಕ ಕೆ. ಡಬ್ಲ್ಯೂ. ಜೀಟರ್ ಒಂದು ಪತ್ರಿಕೆಗೆ ಬರೆದ ಪತ್ರದಲ್ಲಿ, ತಾನೂ ತನ್ನ ಗೆಳೆಯರೂ ಬರೆಯುತ್ತಿದ್ದ ಕತೆಗಳಿಗೆ ಅರ್ಧ ತಮಾಷೆಗೆ ಇಟ್ಟ ಹೆಸರು ಅದು. ಉಗಿಯ ಕಾಲ ಮುಗಿಯದೆ ಹಾಗೆಯೇ ಬೆಳೆಯುತ್ತ ಹೋಗಿದ್ದರೆ ಲೋಕ ಹೇಗಿರುತ್ತಿತ್ತು ಎಂಬ ಊಹೆಯ ಕತೆಗಳು. ಅದಕ್ಕೆ ಮೂಲಪುರುಷ ಎಂದು ಎಲ್ಲರೂ ಬೆರಳು ತೋರಿಸುವುದು ಫ್ರಾನ್ಸಿನ ಜೂಲ್ಸ್ ವರ್ನ್ ಕಡೆಗೆ. ಆತನ ಜಲಾಂತರ್ಗಾಮಿಯ ನಾಯಕ ನೀಮೋ ನಿಮಗೆ ಗೊತ್ತಿರಬಹುದು. ಅವನು ಬುಂದೇಲಖಂಡದ ರಾಜಕುಮಾರ, ಟಿಪ್ಪು ಸುಲ್ತಾನನ ಸೋದರ ಸಂಬಂಧದ ಮಗ ಎಂದು ವರ್ನ್ 1875ರ ಕಾದಂಬರಿಯಲ್ಲಿ ಬಯಲು ಮಾಡುತ್ತಾನೆ. ವಂಶಾವಳಿ ಲೆಕ್ಕಕ್ಕೆ ಕೂರುವುದಿಲ್ಲ, ಅದಿರಲಿ. ಬ್ರಿಟಿಷರ ಮೇಲೆ ಹಗೆ ಹೊತ್ತು ತನ್ನ ಹಡಗನ್ನು ತಾನೇ ಕಟ್ಟಿ, ತಾನೇ ರಿಪೇರಿ ಮಾಡಿಕೊಳ್ಳುವ ಒಬ್ಬ ಭಾರತೀಯ ಎಂಜಿನಿಯರನನ್ನು ಫ್ರೆಂಚ್ ಲೇಖಕ ಆಗಲೇ ಕಲ್ಪಿಸಿಕೊಂಡಿದ್ದ ಎಂಬುದು ನನಗೆ ಖುಷಿ ಕೊಡುವ ಸಂಗತಿ.

ಆ ಉಗಿಯ ಶತಮಾನ ನಮಗೇನೂ ಪರದೇಶದ ಕತೆಯಲ್ಲ. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆದದ್ದು ಆಮೇಲೆ. ದೇವಗಡ ದ್ವೀಪದ ದೀಪಸ್ತಂಭ ಆ ದಶಕದ್ದು. ಮುಂಬಯಿಯಿಂದ ಆಗಬೋಟುಗಳು, ಅಂದರೆ ಉಗಿಹಡಗುಗಳು, ಕರಾವಳಿಯ ಬಂದರುಗಳನ್ನು ಹಾಯ್ದು ಬರುತ್ತಿದ್ದವು. ಜೋಯಿಡಾ ತಾಲ್ಲೂಕಿನ ಕ್ಯಾಸಲ್ ರಾಕ್‌ನಿಂದ ಮುರ್ಮುಗೋವಾ ಬಂದರಿಗೆ ಘಟ್ಟ ಇಳಿಯುವ ರೈಲುಹಾದಿ 1880ರ ದಶಕದಲ್ಲಿ ಆಯಿತು. ಪ್ರತಿ 37 ಅಡಿಗೆ ಒಂದು ಅಡಿ ಏರುವ ಹಾದಿ ಅದು. ಇಂದಿಗೂ ಅಲ್ಲಿ ಗಾಡಿಯನ್ನು ಹಿಂದಿನಿಂದ ನೂಕಲು ಹೆಚ್ಚುವರಿ ಎಂಜಿನ್ ಕಟ್ಟುತ್ತಾರೆ.

ಆದರೆ ಒಂದು ಮಾತು ಹೇಳಿಬಿಡಬೇಕು. ಇಂಗ್ಲೆಂಡಿನವನು ಆ ಕಾಲವನ್ನು ನೆನೆದು ಹಿಗ್ಗುವ ಹಾಗೆ ನಾವು ಹಿಗ್ಗಲಾರೆವು. ಆ ಬೋಟು, ಆ ರೈಲು ಬಂದದ್ದು ಇಲ್ಲಿಯ ಸಾಗವಾನಿಯನ್ನೂ ಘಟ್ಟದ ಮೇಲಿನ ಹತ್ತಿಯನ್ನೂ ಸಾಗಿಸುವುದಕ್ಕೆ. ಹೀಗಾಗಿ ವಿಕ್ಟೋರಿಯಾ ರಾಣಿಯ ದರಬಾರಿನ ಥಳುಕು ನನಗೆ ಬೇಡ. ಅವರ ಫಿಟ್ಟರನ ತಲೆ ಬೇಕು.

ಈ ಮೇಜಿನ ಮೇಲಿರುವುದನ್ನು ನೋಡಿ. ಹಿರಿಯರು ಆಗಲೇ ಗುರುತಿಸಿ ನಗುತ್ತಿದ್ದಾರೆ. ಹೌದು, ಬಂಬ, ಸ್ನಾನದ ನೀರು ಕಾಯಿಸುವ ಪಾತ್ರೆ. ತಾಮ್ರದ್ದು. ಗುಜರಿ ಅಂಗಡಿಯವರು ತೂಕಕ್ಕೆ ಹಾಕಿದ್ದನ್ನು ತಡೆದು ತಂದೆ. ಶಿರಸಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ, ಹಳೆಯ ಲೋಹದ ಸಾಮಾನು ದುರಸ್ತಿ ಮಾಡುವುದೇ ನನ್ನ ಕಸುಬು. ಹಾಗಾಗಿ ಗುಜರಿಯವರಿಗೂ ನನಗೂ ಸದಾ ಜಗ್ಗಾಟ.

ಹೊರಗೆ ಒಂದು ದೊಡ್ಡ ಕೊಳವೆ, ಅದರ ನಡುವೆ ಇನ್ನೊಂದು ಸಣ್ಣ ಕೊಳವೆ. ನಡುವಿನದು ತಳದಿಂದ ಮೇಲಿನವರೆಗೂ ತೆರೆದೇ ಇದೆ. ಅದರ ತಳದಲ್ಲಿ ಜಾಲರಿ. ಮೇಲಿನಿಂದ ತೆಂಗಿನ ಕರಟ, ಸಿಪ್ಪೆ, ಕಟ್ಟಿಗೆ ಚೂರು ಹಾಕುತ್ತೀರಿ. ಬೂದಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಗಾಳಿ ಜಾಲರಿಯ ಕೆಳಗಿನಿಂದ ನುಗ್ಗುತ್ತದೆ. ಎರಡು ಕೊಳವೆಗಳ ನಡುವಿನ ಜಾಗದಲ್ಲಿ ನೀರು. ಒಂದು ಪಕ್ಕ ನೀರು ಹೊಯ್ಯುವ ಬಾಯಿ, ಇನ್ನೊಂದು ಪಕ್ಕ ಹಿತ್ತಾಳೆಯ ನಲ್ಲಿ. ಬಚ್ಚಲ ಒಲೆಯ ಮೇಲಿನ ಹಂಡೆಗೆ ಬೆಂಕಿ ತಾಗುವುದು ತಳಕ್ಕೆ, ಹೆಚ್ಚೆಂದರೆ ಪಕ್ಕದ ಒಂದಿಷ್ಟಕ್ಕೆ. ಬಂಬದಲ್ಲಿ ಬೆಂಕಿಯ ಸುತ್ತಲೂ ನೀರೇ ಇರುವುದರಿಂದ ಬಿಸಿ ಯಾವ ಪಕ್ಕಕ್ಕೆ ಹೊರಟರೂ ನೀರನ್ನು ಹಾದೇ ಹೋಗಬೇಕು. ನಾಲ್ಕು ಕರಟಕ್ಕೆ ಒಬ್ಬರ ಸ್ನಾನದ ನೀರು ಕಾಯುವ ಗುಟ್ಟು ಇದು.

1829ರಲ್ಲಿ ಇಂಗ್ಲೆಂಡಿನ ಸ್ಟೀಫನ್‌ಸನ್ ಕಟ್ಟಿದ ರಾಕೆಟ್ ಎಂಬ ರೈಲು ಎಂಜಿನ್ ಪಂದ್ಯ ಗೆದ್ದದ್ದಕ್ಕೆ ಒಂದು ಮುಖ್ಯ ಕಾರಣ, ಅದರ ಬಾಯ್ಲರಿನ ನೀರಿನ ನಡುವೆ ಹಾಯಿಸಿದ್ದ 25 ತಾಮ್ರದ ಕೊಳವೆಗಳು. ಅದರಲ್ಲಿ 25, ಇದರಲ್ಲಿ ಒಂದು. ತತ್ವ ಒಂದೇ. ಮಾಡಿದ ಕಂಚುಗಾರ ಯಾವ ಎಂಜಿನಿಯರಿಂಗ್ ಕಾಲೇಜಿಗೂ ಹೋದವನಲ್ಲ. ಹೀಗಿರುವಾಗ ಸ್ಟೀಮ್‌ಪಂಕ್ ಎಂದರೆ ವಿದೇಶದಿಂದ ತರಿಸಿ ಗೋಡೆಗೆ ನೇತುಹಾಕುವ ವಸ್ತು ಎಂದು ನಾವೇಕೆ ತಿಳಿಯಬೇಕು?

ಇದರ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿ, ಎಲ್ಲಿ ಮಡಚಿದ್ದಾರೆ, ಎಲ್ಲಿ ಬೆಸುಗೆ ಹಾಕಿದ್ದಾರೆ ಎಂಬುದು ಕೈಗೆ ಸಿಗುತ್ತದೆ. ಸೋರಿದರೆ ಎಲ್ಲಿ ಸೋರುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ನಲ್ಲಿ ಕೆಟ್ಟರೆ ನಲ್ಲಿ, ಜಾಲರಿ ಸುಟ್ಟರೆ ಜಾಲರಿ. ಒಂದು ಹಾಳಾಯಿತೆಂದು ಇಡೀ ಬಂಬವನ್ನು ಎಸೆಯುವ ಪ್ರಸಂಗವಿಲ್ಲ. ಸ್ಟೀಮ್‌ಪಂಕ್‌ನಿಂದ ನಾನು ಕಲಿತದ್ದೂ, ಇವತ್ತು ನಿಮಗೆ ಹೇಳಬೇಕಾಗಿರುವುದೂ ಇಷ್ಟೇ: ವಸ್ತು ತನ್ನ ಒಳಗನ್ನು ಮುಚ್ಚಿಟ್ಟುಕೊಳ್ಳಬಾರದು. ಹೇಗೆ ನಡೆಯುತ್ತದೆ, ಈಗ ಯಾವ ಸ್ಥಿತಿಯಲ್ಲಿದೆ, ಎಲ್ಲಿ ಬಿಚ್ಚಬೇಕು ಎಂಬುದನ್ನು ಬಳಸುವವನಿಗೆ ತೋರಿಸಬೇಕು. ಆ ಗುಣ ಇರುವ ಕಡೆ ಮಾತ್ರ ಈ ಶೈಲಿಗೆ ಉಪಯೋಗವುಂಟು.

ನಿಮ್ಮ ಅಡುಗೆಮನೆಯಲ್ಲಿಯೂ ಇಂಥದ್ದೊಂದಿದೆ. 1679ರಲ್ಲಿ ಲಂಡನ್ನಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಡೆನಿ ಪಾಪಾಂ ಮೂಳೆಯನ್ನೂ ಬೇಯಿಸಿ ಮೆತ್ತಗೆ ಮಾಡುವ ಬಿಗಿ ಮುಚ್ಚಳದ ಪಾತ್ರೆಯನ್ನು ತೋರಿಸಿದ. ಒತ್ತಡ ಮಿತಿ ಮೀರಿದರೆ ತಾನೇ ಎದ್ದು ಉಗಿ ಬಿಡುವ ತೂಕದ ಕವಾಟವನ್ನೂ ಅದಕ್ಕೆ ಜೋಡಿಸಿದ. ಹನ್ನೊಂದು ವರ್ಷದ ಮೇಲೆ ಉಗಿಯಿಂದ ಕೊಂತವನ್ನು, ಅಂದರೆ ಪಿಸ್ಟನ್ನನ್ನು, ಆಡಿಸುವ ಯಂತ್ರದ ಕಲ್ಪನೆ ಕೊಟ್ಟವನೂ ಅವನೇ. ಅಂದರೆ ಕುಕ್ಕರ್ ಮೊದಲು, ಎಂಜಿನ್ ಆಮೇಲೆ. ಕುಕ್ಕರಿನ ವೇಯ್ಟು ಏಳುವುದನ್ನು ಕೇಳಿ ನೀವು ಒಳಗಿನ ಒತ್ತಡವನ್ನು ತಿಳಿಯುತ್ತೀರಿ. ವೇಯ್ಟಿನ ರಂಧ್ರ ಕಟ್ಟಿಕೊಂಡರೆ ಕರಗಿ ದಾರಿ ಬಿಡುವ ಸೇಫ್ಟಿ ವಾಲ್ವ್ ಇದೆ. ಅದು ಹೋದರೆ ಹೊಸತು ಹಾಕುತ್ತೀರಿ, ಕುಕ್ಕರ್ ಉಳಿಯುತ್ತದೆ. ಮಿಕ್ಸರಿನ ಕಪ್ಲರೂ ಹಾಗೆಯೇ: ಬೇಕೆಂದೇ ಮೆತ್ತಗೆ ಮಾಡಿದ ಭಾಗ, ಜಾರು ಸಿಕ್ಕಿಕೊಂಡರೆ ತಾನು ತೇದು ಮೋಟಾರನ್ನು ಉಳಿಸುತ್ತದೆ. ಅದೇ ಅಡುಗೆಮನೆಯ ಇಂಡಕ್ಷನ್ ಒಲೆ ಕೆಟ್ಟರೆ? ಗಾಜಿನ ಕೆಳಗೆ ಏನಾಗಿದೆಯೋ ಒಲೆಗೂ ಹೇಳಲು ಬಾರದು, ನಿಮಗೂ ತಿಳಿಯದು.

ಹಿಟ್ಟಿನ ಗಿರಣಿಗಳಲ್ಲಿ, ಆಲೆಮನೆಗಳಲ್ಲಿ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್ ನೋಡಿದವರು ಕೈಯೆತ್ತಿ. ಸಾಕಷ್ಟು ಮಂದಿ ಇದ್ದೀರಿ. ಎರಡು ಪಕ್ಕ ಎರಡು ಭಾರದ ಫ್ಲೈವೀಲ್, ನಿಮಿಷಕ್ಕೆ 650 ಸುತ್ತು. ಇಂಗ್ಲೆಂಡಿನ ಕಂಪನಿ ಆ ಎಂಜಿನನ್ನು 1980ರ ದಶಕದಲ್ಲಿ ನಿಲ್ಲಿಸಿತು. ಗುಜರಾತಿನ ರಾಜಕೋಟೆಯವರು ಅದೇ ನಮೂನೆಯಲ್ಲಿ ಮಾಡುತ್ತ ಬಂದರು. ಹೊರಡಿಸುವ ಬಗೆಯನ್ನು ನೋಡಬೇಕು: ಸಣ್ಣ ಸನ್ನೆಯೊಂದನ್ನು ಎತ್ತಿ ಸಿಲಿಂಡರಿನ ಬಿಗಿ ಬಿಡಿಸುತ್ತಾರೆ, ಹ್ಯಾಂಡಲ್ ಹಾಕಿ ಗಾಲಿಗೆ ವೇಗ ಬರುವ ತನಕ ತಿರುಗಿಸುತ್ತಾರೆ, ಸನ್ನೆಯನ್ನು ಬೀಳಿಸುತ್ತಾರೆ, ದಡ್ ಎಂದು ಎಂಜಿನ್ ಹಿಡಿದುಕೊಳ್ಳುತ್ತದೆ. ಬ್ಯಾಟರಿ ಇಲ್ಲ, ಕಂಪ್ಯೂಟರ್ ಇಲ್ಲ. ಗಿರಣಿಯ ಯಜಮಾನ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತಲೇ ಸದ್ದಿನ ತಾಳ ತಪ್ಪಿದ್ದನ್ನು ಗುರುತಿಸಿ ಎದ್ದು ಬರುತ್ತಾನೆ. ನಮೂನೆ ಬದಲಾಗದ ಕಾರಣ ಇವತ್ತಿಗೂ ಬಿಡಿಭಾಗ ಸಿಗುತ್ತದೆ. ಹಾಗೆಂದು ಅದನ್ನು ಮನೆಮನೆಗೂ ತನ್ನಿ ಎನ್ನುತ್ತಿಲ್ಲ. ಅದರ ಹೊಗೆ ಒಳ್ಳೆಯದಲ್ಲ, ಭಾರವೂ ವಿಪರೀತ. ವಿದ್ಯುತ್ ಮೋಟಾರ್ ಎಲ್ಲ ಲೆಕ್ಕದಲ್ಲಿಯೂ ಮೇಲು. ಆ ಮೋಟಾರನ್ನು ಮಾಡುವವರು ಈ ಎಂಜಿನ್ ಮಾಡಿದವರ ಹಾಗೆ ಯೋಚಿಸಲಿ, ಬೋಲ್ಟು ಹಾಕುವ ಜಾಗದಲ್ಲಿ ಗೋಂದು ಹಾಕದಿರಲಿ ಎನ್ನುತ್ತಿದ್ದೇನೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆಂದು ಒಂದು ಪೋರ್ಟಲ್ ತೆರೆಯಿತು. ಒಳ್ಳೆಯ ಕೆಲಸ. ಆದರೆ ಬಿಚ್ಚಲು ಸ್ಕ್ರೂ ಇಲ್ಲದ ವಸ್ತುವಿನ ಮೇಲೆ ಹಕ್ಕು ಸಿಕ್ಕಿ ಏನು ಮಾಡುವುದು?

ಇನ್ನು ಹಿತ್ತಾಳೆ. ಕಡಲಿನ ಪಕ್ಕದಲ್ಲಿರುವ ನಿಮಗೆ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಗೋಕರ್ಣದ ಕಡೆಯ ಒಂದು ಹೋಂಸ್ಟೇಯವರು ಬಾಗಿಲುಗಳಿಗೆಲ್ಲ ಹಳೆಯ ಕಾಲದ ನಮೂನೆಯ ಹಿತ್ತಾಳೆ ಹಿಡಿಕೆ ಹಾಕಿಸಿದ್ದರು. ಒಂದು ಮಳೆಗಾಲ ಕಳೆಯುವುದರೊಳಗೆ ಹಿಡಿಕೆಗಳು ಕೈಗೇ ಬರತೊಡಗಿದವು. ಹಿತ್ತಾಳೆಗೆ ಏನೂ ಆಗಿರಲಿಲ್ಲ. ಬಡಗಿ ಹಾಕಿದ್ದು ಕಬ್ಬಿಣದ ಸ್ಕ್ರೂ. ಉಪ್ಪಿನ ಪಸೆಯಲ್ಲಿ ಎರಡು ಬೇರೆ ಲೋಹಗಳು ತಾಗಿಕೊಂಡರೆ ಅಲ್ಲೊಂದು ಸಣ್ಣ ಬ್ಯಾಟರಿ ಹುಟ್ಟುತ್ತದೆ, ಎರಡರಲ್ಲಿ ಒಂದು ಸವೆಯುತ್ತದೆ. ಹಿತ್ತಾಳೆ, ಕಬ್ಬಿಣದ ಜೋಡಿಯಲ್ಲಿ ಸವೆಯುವುದು ಕಬ್ಬಿಣ. ಹಿತ್ತಾಳೆಯ ಪಟ್ಟಿ ದೊಡ್ಡದು, ಸ್ಕ್ರೂ ಸಣ್ಣದು ಎಂದಾದರೆ ಸವೆತವೆಲ್ಲ ಆ ಸಣ್ಣದರ ಮೇಲೆಯೇ ಬಿದ್ದು ಅದು ಬೇಗ ಮುಗಿಯುತ್ತದೆ. ಹಿತ್ತಾಳೆಗೆ ಹಿತ್ತಾಳೆಯ ಸ್ಕ್ರೂ ಹಾಕಿ, ಕಬ್ಬಿಣದಿಂದ ಎಂಟಾಣೆ ಉಳಿಸಲು ಹೋಗಬೇಡಿ. ಬೈತಖೋಲ ಬಂದರಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಉಕ್ಕಿನ ಬೋಟಿನ ತಳಕ್ಕೆ, ಪ್ರೊಪೆಲ್ಲರಿನ ಹತ್ತಿರ, ಸತುವಿನ ಗಟ್ಟಿ ಕಟ್ಟುವುದು ಇದೇ ಕಾರಣಕ್ಕೆ. ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ.

ಈ ಉಪಾಯದ ಹಿಂದೆ ಒಂದು ಸೊಗಸಾದ ಕತೆಯಿದೆ, ಸ್ವಲ್ಪ ದಾರಿ ತಪ್ಪಿದರೂ ಹೇಳುತ್ತೇನೆ. 1824ರಲ್ಲಿ ಬ್ರಿಟಿಷ್ ನೌಕಾಪಡೆಗೆ ತಲೆನೋವಾಗಿದ್ದದ್ದು ಹಡಗುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು. ಸಮುದ್ರದ ನೀರು ಅದನ್ನು ತಿನ್ನುತ್ತಿತ್ತು. ರಸಾಯನ ವಿಜ್ಞಾನಿ ಹಂಫ್ರಿ ಡೇವಿಯನ್ನು ಕೇಳಿದರು. ಅವನು ತಾಮ್ರಕ್ಕೆ ಸತು, ಕಬ್ಬಿಣದ ತುಂಡು ತಾಗಿಸಿಡಿ ಎಂದ. ಇಟ್ಟರು. ತಾಮ್ರ ಸವೆಯುವುದು ನಿಂತೇ ಹೋಯಿತು. ಆದರೆ ಹಡಗುಗಳ ವೇಗ ಇಳಿಯಿತು! ತಳ ನೋಡಿದರೆ ಚಿಪ್ಪುಜೀವಿಗಳೂ ಪಾಚಿಯೂ ದಟ್ಟವಾಗಿ ಕಟ್ಟಿಕೊಂಡಿವೆ. ತಾಮ್ರ ಅಷ್ಟಷ್ಟೇ ಕರಗುತ್ತಿದ್ದದ್ದೇ ಅವುಗಳಿಗೆ ವಿಷವಾಗಿ ತಳವನ್ನು ಚೊಕ್ಕಟವಾಗಿಟ್ಟಿತ್ತು. ಸವೆತ ನಿಲ್ಲಿಸಿದ್ದೇ ತಾಮ್ರದ ಕೆಲಸವೂ ನಿಂತಿತು.

ಈಗ ಹೋಂಸ್ಟೇಯ ಹಿಡಿಕೆಗೆ ಬನ್ನಿ. ತಾಮ್ರ, ಹಿತ್ತಾಳೆಗಳ ಮೇಲೆ ರೋಗಾಣು ಹೆಚ್ಚು ಹೊತ್ತು ಬದುಕುವುದಿಲ್ಲ. ಶುಚಿಯಾಗಿಟ್ಟ ಇಂಥ ಲೋಹದ ಮೇಲೆ ಎರಡು ಗಂಟೆಯೊಳಗೆ ಶೇಕಡ 99.9ರಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ ಎಂದು ಹೇಳಿಕೊಳ್ಳಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ಒಪ್ಪಿಗೆ ಕೊಟ್ಟಿತು. 2020ರಲ್ಲಿ ಕೊರೋನಾ ವೈರಸ್ಸಿನ ಪರೀಕ್ಷೆ ನಡೆದಾಗ ಪ್ಲಾಸ್ಟಿಕ್ ಮೇಲೆ ಮೂರು ದಿನದವರೆಗೂ ಉಳಿದದ್ದು ತಾಮ್ರದ ಮೇಲೆ ನಾಲ್ಕು ಗಂಟೆಯಲ್ಲಿ ಇಲ್ಲವಾಗಿತ್ತು. ಆದರೆ ಒಂದು ಷರತ್ತು: ಲೋಹ ಬರಿದಾಗಿರಬೇಕು. ವಾರ್ನಿಷ್, ಲ್ಯಾಕರ್ ಬಳಿದರೆ ಕೈಗೆ ತಾಗುವುದು ಹಿತ್ತಾಳೆಯಲ್ಲ, ಪ್ಲಾಸ್ಟಿಕ್. ಅಂಗಡಿಯಲ್ಲಿ ಬಂಗಾರದ ಹಾಗೆ ಹೊಳೆಯುವ ಹಿಡಿಕೆಗಳೆಲ್ಲ ಬಹುಮಟ್ಟಿಗೆ ಲ್ಯಾಕರ್ ಬಳಿದವು. ಕಪ್ಪಾಗಬಾರದು ಎಂದು ನಾವೇ ಕೇಳಿ ಬಳಿಸಿಕೊಂಡದ್ದು. ಡೇವಿಯ ಹಡಗಿನದೂ ಇದೇ ಪಾಡು. ಕಪ್ಪಾಗಲಿ ಬಿಡಿ. ದಿನವೂ ಕೈ ತಾಗುವ ಜಾಗ ತಾನೇ ಬೆಳಗಿಕೊಂಡಿರುತ್ತದೆ, ತಾಗದ ಮೂಲೆ ಕಪ್ಪಾಗುತ್ತದೆ. ಯಾವ ಪೇಂಟರೂ ಹಾಗೆ ನೆರಳು ಹಾಕಲಾರ. ಹಸಿರು ಕಿಲುಬು ಕಂಡರೆ ಹುಣಸೆ ಹುಳಿ ಇದೆ, ಮುರುಗಲಿನ ಸಿಪ್ಪೆ ಇದೆ, ತಿಕ್ಕಿ ತೊಳೆಯಿರಿ. ಹುಳಿ ಪದಾರ್ಥ ಮಾಡುವ, ಇಡುವ ಪಾತ್ರೆಗೆ ಮಾತ್ರ ಈ ಮಾತು ಸಲ್ಲದು. ಅಲ್ಲಿ ಒಳಗೆ ತವರದ ಕಲಾಯಿ ಬೇಕೇ ಬೇಕು.

ಶೈಲಿಯ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಸಾಮಾನು ನನಗೆ ಸಿಟ್ಟು ತರಿಸುತ್ತದೆ. ಗೋಡೆ ಗಡಿಯಾರ ನೋಡಿರುತ್ತೀರಿ: ಮುಖದ ತುಂಬ ಹಲ್ಲುಚಕ್ರ, ಎಲ್ಲವೂ ಕಂಚಿನ ಬಣ್ಣ ಹೊಡೆದ ಪ್ಲಾಸ್ಟಿಕ್, ಒಂದರ ಹಲ್ಲು ಇನ್ನೊಂದಕ್ಕೆ ತಾಗುವುದೇ ಇಲ್ಲ. ಮುಳ್ಳನ್ನು ತಿರುಗಿಸುವುದು ಹಿಂದೆ ಅಡಗಿರುವ ಬೆಂಕಿಪೊಟ್ಟಣದಷ್ಟರ ಕ್ವಾರ್ಟ್ಜ್ ಡಬ್ಬಿ. ಮುಚ್ಚಿಟ್ಟದ್ದು ನಿಜವಾದದ್ದು, ತೋರಿಸಿದ್ದು ಸುಳ್ಳು. ಕೆಂಪು ತಂತಿ ಕಾಣುವ ಹಳೆಯ ನಮೂನೆಯ ಬಲ್ಬುಗಳೂ ಹಾಗೆಯೇ. ನಿಜವಾದ ತಂತಿಯದಾದರೆ 40 ವಾಟ್ ತಿಂದು ಬೆಳಕಿಗಿಂತ ಬಿಸಿಯನ್ನೇ ಹೆಚ್ಚು ಕೊಡುತ್ತದೆ. ಅದೇ ಆಕಾರದ ಎಲ್‌ಇಡಿ ಬಲ್ಬು 4 ವಾಟಿಗೆ ಅಷ್ಟೇ ಬೆಳಕು ಕೊಡುತ್ತದೆ, ಅದನ್ನೇ ತನ್ನಿ. ಸ್ವಿಚ್ ಬೋರ್ಡಿಗೆ ಹಿತ್ತಾಳೆ ಪಟ್ಟಿ ಹಾಕಿಸುವವರು ಆ ಪಟ್ಟಿಗೆ ಅರ್ತಿಂಗ್ ಕೊಡಿಸದೆ ಬಿಡಬೇಡಿ. ನಮ್ಮ ಮಳೆಗಾಲದ ಗೋಡೆಗಳು ನಿಮಗೆ ಗೊತ್ತು.

ಹಾಗಾದರೆ ಏನು ಮಾಡಬಹುದು ಎಂದು ಮುಂದಿನ ಸಾಲಿನ ಹುಡುಗರು ಕೇಳುತ್ತಿದ್ದಾರೆ. ಒಂದು ವಾರಾಂತ್ಯದಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಹೇಳುತ್ತೇನೆ. ಮನೆಯ ಮೇಲಿನ ನೀರಿನ ಟ್ಯಾಂಕು ತುಂಬಿದೆಯೇ ಎಂದು ತಿಳಿಯಲು ನಾವು ಏಣಿ ಹತ್ತುತ್ತೇವೆ, ಇಲ್ಲವೇ ಸೆನ್ಸರ್ ಹಾಕಿಸಿ ಮೊದಲ ಸಿಡಿಲಿಗೆ ಕಳೆದುಕೊಳ್ಳುತ್ತೇವೆ. ಟ್ಯಾಂಕಿನೊಳಗೆ ಒಂದು ತೇಲುಬುರುಡೆ ಬಿಡಿ. ಅದಕ್ಕೆ ನೈಲಾನ್ ಹುರಿ. ಹತ್ತಿಯ ಹುರಿ ಬೇಡ, ಕೊಳೆಯುತ್ತದೆ. ಹುರಿ ಎರಡು ಹಿತ್ತಾಳೆ ರಾಟೆಗಳ ಮೇಲೆ ಹಾಯ್ದು ಹೊರಗೋಡೆಗೆ ಇಳಿಯಲಿ. ತುದಿಗೆ ತೇಲುಬುರುಡೆಗಿಂತ ಹಗುರಾದ ಒಂದು ತೂಗುಗುಂಡು. ಗೋಡೆಯ ಮೇಲೆ ಗೆರೆ ಎಳೆದ ಹಲಗೆ. ನೀರು ಏರಿದರೆ ಗುಂಡು ಇಳಿಯುತ್ತದೆ, ನೀರು ಇಳಿದರೆ ಗುಂಡು ಏರುತ್ತದೆ. ಅಂಗಳದಲ್ಲಿ ನಿಂತು ನೋಡಿದರೆ ಸಾಕು. ನಾಲ್ಕು ದಿನ ಕರೆಂಟ್ ಹೋದರೂ ತಪ್ಪು ಹೇಳುವುದಿಲ್ಲ. ಎಷ್ಟು ಬೇಗ ಇಳಿಯುತ್ತಿದೆ ಎಂಬುದೂ ಕಾಣುವುದರಿಂದ ಯಾರೂ ನಲ್ಲಿ ತಿರುಗಿಸದೆ ಗುಂಡು ಏರುತ್ತಿದ್ದರೆ ಎಲ್ಲೋ ಪೈಪ್ ಸೋರುತ್ತಿದೆ ಎಂದು ಅರ್ಥ.

ಊರಿನ ಮಟ್ಟದಲ್ಲಿ ಇದರಿಂದ ಏನಾದರೂ ಆದೀತೇ? ನ್ಯೂಜಿಲೆಂಡಿನಲ್ಲಿ ಒಮರು ಎಂಬ ಸಣ್ಣ ಕಡಲೂರು ಇದೆ. ಧಾನ್ಯ, ಉಣ್ಣೆಯ ವ್ಯಾಪಾರ ಜೋರಾಗಿದ್ದಾಗ ಬಿಳಿ ಸುಣ್ಣಕಲ್ಲಿನ ಕಟ್ಟಡಗಳನ್ನು ಕಟ್ಟಿಕೊಂಡಿತ್ತು. ವ್ಯಾಪಾರ ಹೋಯಿತು, ಬಂದರು ಮಲಗಿತು, ಕಟ್ಟಡಗಳು ಉಳಿದವು. ಅಲ್ಲಿಯವರು 1883ರ ಧಾನ್ಯದ ಗೋದಾಮೊಂದರಲ್ಲಿ 2011ರಲ್ಲಿ ಸ್ಟೀಮ್‌ಪಂಕ್ ಪ್ರದರ್ಶನಾಲಯ ತೆರೆದರು. ಗುಜರಿಯಿಂದಲೇ ಬಹುಪಾಲು ಕಟ್ಟಿದ್ದು. ಇಂದು ಅದನ್ನು ನೋಡಲೆಂದೂ ಊರಿಗೆ ಜನ ಬರುತ್ತಾರೆ. ವರ್ನ್ ಹುಟ್ಟಿದ ನಾಂತ್ ನಗರದಲ್ಲಿ ಮುಚ್ಚಿಹೋದ ಹಡಗು ಕಟ್ಟುವ ಅಂಗಳದಲ್ಲಿ 12 ಮೀಟರ್ ಎತ್ತರದ ಯಂತ್ರದ ಆನೆ 2007ರಿಂದ ಜನರನ್ನು ಹೊತ್ತು ತಿರುಗುತ್ತಿದೆ. ಆನೆ ಕಟ್ಟುವ ಹಣ ನಮ್ಮಲ್ಲಿಲ್ಲ, ಕಟ್ಟಬೇಕಾಗಿಯೂ ಇಲ್ಲ. ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ನಿಂತಿದೆ, ಮಕ್ಕಳು ಒಳಹೊಕ್ಕು ನೋಡುತ್ತಾರೆ. ಅದರ ಪಕ್ಕದಲ್ಲಿ ಒಂದು ಬಂಬ, ಒಂದು ಲಿಸ್ಟರ್ ಎಂಜಿನ್, ಒಂದು ಬೋಟಿನ ಗೇರುಪೆಟ್ಟಿಗೆ ಇವನ್ನು ಅರ್ಧಕ್ಕೆ ಸೀಳಿ, ಒಳಗು ಕಾಣುವಂತೆ ನಿಲ್ಲಿಸಿ, ಕೈಯಿಂದ ತಿರುಗಿಸಲು ಒಂದು ಹ್ಯಾಂಡಲ್ ಕೊಟ್ಟರೆ ಸಾಕು. ಗುಜರಿಯವರ ಹತ್ತಿರ ಇವೆಲ್ಲ ತೂಕದ ಬೆಲೆಗೆ ಸಿಗುತ್ತವೆ. ಯಾರಾದರೂ ಮುಂದೆ ಬಂದರೆ ಸೀಳಿಕೊಡುವ ಕೆಲಸ ನನ್ನದು.

ಕೊನೆಗೆ ಒಬ್ಬ ವಿದ್ಯಾರ್ಥಿ ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆ: ಬಂಬದ ಬಾಯಿಗಳನ್ನು ಮುಚ್ಚಿ ಬೆಸುಗೆ ಹಾಕಿದರೆ ಅದರಿಂದ ಸಣ್ಣ ಉಗಿ ಎಂಜಿನ್ ಓಡಿಸಬಹುದೇ? ಬೇಡ. ಖಂಡಿತ ಬೇಡ. ಬಂಬ ಅಪಾಯವಿಲ್ಲದೆ ಇರುವುದು ಅದರ ಬಾಯಿ ತೆರೆದಿರುವುದರಿಂದ. ಅದರ ಹೊಲಿಗೆ ಒತ್ತಡ ತಡೆಯಲು ಹಾಕಿದ್ದಲ್ಲ. ನೀರಿಲ್ಲದೆ ಬೆಂಕಿ ಹಾಕಿದರೂ ಬೆಸುಗೆ ಕರಗಿ ಬಿಟ್ಟುಕೊಳ್ಳುತ್ತದೆ. ಬಾಯ್ಲರಿಗೆಂದೇ ಈ ದೇಶದಲ್ಲಿ 1923ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. ಸುಮ್ಮನೆ ಮಾಡಿದ ಕಾಯ್ದೆಗಳಲ್ಲ, ಜೀವ ಹೋಗಿ ಹೋಗಿ ಆದವು. ನಿನಗೆ ಬೇಕಾಗಿರುವುದು ಕೊಂತ, ಕವಾಟ, ಫ್ಲೈವೀಲ್ ಹೇಗೆ ಆಡುತ್ತವೆ ಎಂದು ನೋಡುವುದು ತಾನೇ? ಎಂಜಿನ್ ಮಾಡು, ಬಾಯ್ಲರ್ ಬಿಡು. ಅದಕ್ಕೆ ಉಗಿಯೇ ಆಗಬೇಕೆಂದಿಲ್ಲ, ಗಾಳಿಯಲ್ಲಿಯೂ ಓಡುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ರೆಗ್ಯುಲೇಟರ್ ಹಾಕಿಸಿಕೊಂಡು ಅತ್ಯಂತ ಕಡಿಮೆ ಒತ್ತಡದಿಂದ ಶುರು ಮಾಡು. ಕಣ್ಣಿಗೆ ಕನ್ನಡಕ ಹಾಕಿಕೋ, ಹಣೆಯ ಮೇಲಲ್ಲ.